ಅಘನಾಶಿನಿಯ ಅಳಿವೆಯಲ್ಲಿ ಚಳಿಗಾಲದ ಇಳಿತ

ಉತ್ತರ ಕನ್ನಡ ಜಿಲ್ಲೆಯಲ್ಲಿ ಸಹ್ಯಾದ್ರಿಯಿಂದಿಳಿದು ಪಡುಗಡಲನ್ನು ಸೇರುವ ದೊಡ್ಡ ಹೊಳೆಗಳು ನಾಲ್ಕು: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಇವುಗಳಲ್ಲಿ ಶರಾವತಿಯ ಹೆಸರನ್ನು ಜೋಗದ ದೆಸೆಯಿಂದ ಮಕ್ಕಳೂ ಬಲ್ಲರು. ಕಾಳಿಯ ಹೆಸರು ವಿದ್ಯುಚ್ಛಕ್ತಿಯ ದೆಸೆಯಿಂದ ಮನೆಮಾತಾಗಿದೆ. ಅಘನಾಶಿನಿಯಾದರೋ ಅಷ್ಟಾಗಿ ಪ್ರಖ್ಯಾತಿಗೆ ಬಂದವಳಲ್ಲ. ಶಿರಸಿಯ ಸಮೀಪದಲ್ಲಿ ಹುಟ್ಟಿ, ಸಿದ್ದಾಪುರದ ಕಾಡಿನಲ್ಲಿ ಉಂಚಳ್ಳಿಯೆಂಬಲ್ಲಿ 116 ಮೀಟರು ಆಳಕ್ಕೆ ಧುಮುಕಿ, ಒಟ್ಟು ಸುಮಾರು 120 ಕಿಲೋಮೀಟರು ಹರಿದು, ಕುಮಟೆಯ ಉತ್ತರಕ್ಕೆ ಸಮುದ್ರವನ್ನು ಸೇರುವ ಈ ಹೊಳೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಬಿದ್ದಿಲ್ಲ. ಹುಟ್ಟಿದಂದಿನಿಂದ ಹೇಗೆ ಹರಿಯುತ್ತಿದ್ದಳೋ ಇಂದಿಗೂ ಬಹುಮಟ್ಟಿಗೆ ಹಾಗೆಯೇ ಹರಿಯುತ್ತಿರುವಳು. ಹೆಸರಿನ ಅರ್ಥ ಪಾಪವನ್ನು ಕಳೆಯುವವಳೆಂಬುದು ಸರ್ವವಿದಿತ. ಅವಳು ಹೊಟ್ಟೆಯನ್ನೂ ಹೊರೆಯುವವಳೆಂಬುದನ್ನು ತಿಳಿಯಬೇಕಾದರೆ ಅಳಿವೆಗೆ ಹೋಗಬೇಕು. ಅದೂ ಚಳಿಗಾಲದಲ್ಲಿ, ಅದೂ ನೀರು ಇಳಿದ ಹೊತ್ತಿನಲ್ಲಿ.

ಅಳಿವೆಯೆಂದರೆ ಹೊಳೆಯು ಕಡಲನ್ನು ಕೂಡುವ ಬಾಯಿ. ದಕ್ಷಿಣದ ದಡದಲ್ಲಿ ಅಘನಾಶಿನಿಯೆಂಬ ಹೆಸರಿನ ಊರೂ, ಉತ್ತರದ ದಡದಲ್ಲಿ ತದಡಿಯ ಬಂದರವೂ ಎದುರುಬದುರಾಗಿ ನಿಂತಿರುವುವು. ಈ ಇಕ್ಕಟ್ಟಾದ ಬಾಯಿಯ ಒಳಗೆ ನೀರು ವಿಶಾಲವಾಗಿ ಹರಡಿಕೊಂಡು, ಕಾಗಾಲ, ಲುಕ್ಕೇರಿ, ಮಾಸೂರು, ಹೆಗಡೆ, ಕೋಡ್ಕಣಿ, ಮಿರ್ಜಾನ ಮುಂತಾದ ಊರುಗಳ ಅಂಚನ್ನು ತೊಳೆಯುತ್ತದೆ. ನಡುನಡುವೆ ಕುರ್ವೆಗಳೆಂಬ ನಡುಗಡ್ಡೆಗಳು. ಅವುಗಳ ಸುತ್ತ ಕಾಂಡ್ಲಾ ಗಿಡಗಳ ದಟ್ಟವಾದ ಹಸುರು. ಮೇಲಿನಿಂದ ಸಿಹಿನೀರು, ಕೆಳಗಿನಿಂದ ಉಪ್ಪುನೀರು. ಇವೆರಡೂ ದಿನಕ್ಕೆ ಎರಡಾವರ್ತಿ ಒಂದನ್ನೊಂದು ತಳ್ಳುತ್ತ, ಬೆರೆಯುತ್ತ ಇರುವುದರಿಂದ ಇಲ್ಲಿಯ ನೀರು ಅತ್ತ ಹೊಳೆಯೂ ಅಲ್ಲ, ಇತ್ತ ಕಡಲೂ ಅಲ್ಲ.

ಬಯಲುಸೀಮೆಯ ವಾಚಕರಿಗಾಗಿ ಉಬ್ಬರವಿಳಿತಗಳ ಸಂಗತಿಯನ್ನು ಎರಡು ಮಾತುಗಳಲ್ಲಿ ಹೇಳಿ ಮುಂದೆ ಹೋಗುವೆವು. ಚಂದ್ರನೂ ಸೂರ್ಯನೂ ಕಡಲನ್ನು ಸೆಳೆಯುವುದರಿಂದ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವುದು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇವರಿಬ್ಬರ ಸೆಳೆತವೂ ಒಂದೇ ನೇರದಲ್ಲಿ ಕೂಡುವುದರಿಂದ ಏರಿಕೆ ಇಳಿಕೆಗಳೆರಡೂ ಹೆಚ್ಚು. ಅಷ್ಟಮಿಯ ಸುಮಾರಿಗೆ ಒಬ್ಬರ ಸೆಳೆತವನ್ನು ಇನ್ನೊಬ್ಬರು ತಗ್ಗಿಸುವುದರಿಂದ ಎರಡೂ ಕಡಿಮೆ. ನಮ್ಮ ಕರಾವಳಿಯಲ್ಲಿ ದೊಡ್ಡ ಇಳಿತಕ್ಕೂ ದೊಡ್ಡ ಉಬ್ಬರಕ್ಕೂ ಇರುವ ಅಂತರ ಒಂದೂವರೆಯಿಂದ ಎರಡು ಮೀಟರು, ಎಂದರೆ ಹೆಚ್ಚು ಕಡಿಮೆ ಒಂದು ಆಳೆತ್ತರ. ಗುಜರಾತದ ಖಂಭಾತ ಕೊಲ್ಲಿಯಲ್ಲಿ ಇದು ಹತ್ತು ಮೀಟರನ್ನೂ ಮೀರುವುದರಿಂದ ಅದರೆದುರಿಗೆ ನಮ್ಮದು ಅಲ್ಪವೇ ಸರಿ. ಆದರೆ ನೆಲ ಸಮತಟ್ಟಾಗಿರುವೆಡೆಯಲ್ಲಿ ಒಂದು ಆಳೆತ್ತರದ ನೀರು ಹಿಂದೆಗೆದರೆ ಎಷ್ಟು ದೂರದ ನೆಲ ಬತ್ತಲಾಗುವುದೆಂಬುದನ್ನು ಕಣ್ಣಾರೆ ಕಂಡೇ ನಂಬಬೇಕು.

ಇಲ್ಲಿ ಒಂದು ಶಬ್ದದ ವಿಚಾರವನ್ನು ಪ್ರಸ್ತಾಪಿಸದಿರಲಾರೆವು. ಮೂವತ್ತು ವರ್ಷ ಹುಡುಗರಿಗೆ ಅಮರಕೋಶವನ್ನು ಕಲಿಸಿದ ಚಾಳಿ ಅಷ್ಟು ಸುಲಭವಾಗಿ ಬಿಡುವಂಥದಲ್ಲ. ಸಂಸ್ಕೃತದಲ್ಲಿ ಕಡಲಿನ ಏರಿಳಿತಕ್ಕೆ ‘ವೇಲಾ’ ಎಂದು ಹೆಸರು. ಅದೇ ಶಬ್ದಕ್ಕೆ ಕಾಲವೆಂದೂ ಮರ್ಯಾದೆಯೆಂದೂ ಕೋಶಕಾರನು ಇನ್ನೆರಡು ಅರ್ಥಗಳನ್ನು ಹೇಳಿರುವನು. ಮರ್ಯಾದೆಯೆಂದರೆ ಇಲ್ಲಿ ಎಲ್ಲೆ, ದಾಟಬಾರದ ಗೆರೆ. ನಾವು ದಿನವೂ ಆಡುವ ‘ವೇಳೆ’ಯೆಂಬ ಮಾತು ಈ ವೇಲೆಯಿಂದಲೇ ಬಂದುದು. ನೀರಿನ ಏರಿಳಿತ, ಹೊತ್ತು, ಎಲ್ಲೆ: ಈ ಮೂರನ್ನು ಒಂದೇ ಶಬ್ದದಲ್ಲಿ ಹಿರಿಯರು ಏಕೆ ಕಟ್ಟಿಟ್ಟರೆಂಬುದಕ್ಕೆ ಸಮರ್ಪಕವಾದ ವ್ಯಾಖ್ಯಾನ ನಮಗೆ ದೊರೆತದ್ದು ಪಾಠಶಾಲೆಯಲ್ಲಲ್ಲ, ಈ ಅಳಿವೆಯ ಕೆಸರಿನಲ್ಲಿ.

ಚಳಿಗಾಲವೇ ಏಕೆಂದು ಕೇಳಬಹುದು. ಕುಮಟೆಯ ಸೀಮೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಜೂನಿನಿಂದ ಸೆಪ್ಟೆಂಬರದ ವರೆಗೆ ಅಳಿವೆಯೆಲ್ಲ ಕೆಂಪುನೀರಿನ ಪ್ರವಾಹ. ಆಗ ಇಳಿತವೆಂಬುದಿದ್ದರೂ ನೆಲ ಕಾಣಿಸದು. ದೀಪಾವಳಿ ಕಳೆದ ಮೇಲೆ ಹೊಳೆ ಸೊರಗುತ್ತದೆ, ನೀರು ತಿಳಿಯಾಗುತ್ತದೆ, ಕಡಲಿನ ಉಪ್ಪು ಒಳಕ್ಕೆ ಏರುತ್ತದೆ. ಮಾರ್ಗಶಿರ ಪುಷ್ಯಗಳಲ್ಲಿ ಬೆಳಗಿನ ಹೊತ್ತು ಗುಡ್ಡದ ಕಡೆಯಿಂದ ತಣ್ಣನೆಯ ಗಾಳಿ ಬೀಸುವುದು. ಕಡಲಗಾಳಿ ಏಳುವುದು ಹೊತ್ತೇರಿದ ಮೇಲೆಯೇ. ಆದ್ದರಿಂದ ಆ ಹೊತ್ತಿನಲ್ಲಿ ನೀರಿನ ಮೇಲೆ ತೆರೆಯ ಸುಕ್ಕೂ ಇರದು. ಇದಲ್ಲದೆ ಜನವರಿಯ ಮೊದಲ ವಾರದಲ್ಲಿ ಭೂಮಿಯು ಸೂರ್ಯನಿಗೆ ವರ್ಷದಲ್ಲೇ ಅತಿ ಸಮೀಪದಲ್ಲಿರುವುದರಿಂದ ಸೂರ್ಯನ ಸೆಳೆತವೂ ಆಗ ತುಸು ಹೆಚ್ಚು. ಚಿಕ್ಕ ದೋಣಿಯವರಿಗೆ ಇದಕ್ಕಿಂತ ಒಳ್ಳೆಯ ಋತುವಿಲ್ಲ.

ನಾವು ಅಲ್ಲಿಗೆ ಹೋದದ್ದು ಪುಷ್ಯ ಶುದ್ಧ ಬಿದಿಗೆಯ ದಿನ. ಕೊಂಕಣ ರೈಲ್ವೆಯಲ್ಲಿ ಕುಮಟೆಗೆ ಬಂದಿಳಿದು, ಅಲ್ಲಿಂದ ಕಾಗಾಲದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನ ಮನೆಯನ್ನು ಸಾಯಂಕಾಲಕ್ಕೆ ಸೇರಿದೆವು. ಮರುದಿನ ತದಿಗೆ. ಅತಿ ದೊಡ್ಡ ಇಳಿತವು ಅಮಾವಾಸ್ಯೆಯ ದಿನವೇ ಬರದೆ ಒಂದೆರಡು ದಿನ ತಡೆದು ಬರುವುದೆಂಬುದು ಅಲ್ಲಿಯ ಜನರಿಗೆಲ್ಲ ತಿಳಿದ ಮಾತು. ಶಿಷ್ಯನು ಗೊತ್ತುಮಾಡಿದ್ದ ಅಂಬಿಗರ ತರುಣನು ರಾತ್ರಿಯೇ ಬಂದು, “ನಸುಕಿಗೆ ಐದಕ್ಕೆ ಹೊರಡ್ವಾ ಮಾಸ್ತರ್ರೇ, ಏಳರ ಹೊತ್ತಿಗೆ ನೀರು ಪೂರಾ ಇಳೀತದೆ” ಎಂದು ಹೇಳಿಹೋದನು. ಯಾವ ಪಂಚಾಂಗದಲ್ಲಿ ನೋಡಿದೆಯಪ್ಪಾ ಎಂದು ಕೇಳಿದ್ದಕ್ಕೆ ನಕ್ಕನು. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಎರಡು ಗಳಿಗೆ ಮುಂದಕ್ಕೆ ಜರುಗುವುದು. ಅಮಾವಾಸ್ಯೆಯಂದು ಎಷ್ಟು ಹೊತ್ತಿಗೆಂಬುದು ಗೊತ್ತಿದ್ದರೆ ಮಿಕ್ಕ ತಿಥಿಗಳದ್ದನ್ನು ಬೆರಳೆಣಿಸಿ ಹೇಳಬಹುದು. ಗಳಿಗೆ ಎಂದರೆ 24 ನಿಮಿಷ, ಎರಡು ಗಳಿಗೆಗೆ 48. ಇಂದಿನ ಶಾಸ್ತ್ರಜ್ಞರು ಹೇಳುವ ಲೆಕ್ಕ ಸರಾಸರಿ 50 ನಿಮಿಷ. ಬೆರಳಿನ ಗಣಿತವೂ ಯಂತ್ರದ ಗಣಿತವೂ ಇಷ್ಟು ಹತ್ತಿರ ಬಂದುದನ್ನು ಕಂಡು ನಮಗೆ ಬಹಳ ಸಂತೋಷವಾಯಿತು.

ದೋಣಿಯ ಮಾತನ್ನು ಸ್ವಲ್ಪ ಹೇಳಬೇಕು. ಇಲ್ಲಿಯವರು ಅದನ್ನು ಪಾತಿ ದೋಣಿಯೆನ್ನುವರು. ಒಬ್ಬರು ಇಬ್ಬರು, ಹೆಚ್ಚೆಂದರೆ ಮೂವರು ಕೂಡುವಷ್ಟು ಕಿರಿದು. ತಳ ಬಹಳ ತೆಳು. ಹಿಂದೆ ಮಾವಿನ ದಿಮ್ಮಿಯೊಂದನ್ನೇ ಕೊರೆದು ಮಾಡುತ್ತಿದ್ದರು. ಈಗ ಫೈಬರಿನ ದೋಣಿಗಳೂ ಬಂದಿರುವುವು. ಉತ್ತರಧ್ರುವದ ಬಳಿಯ ಹಿಮದೇಶದ ಜನರು ಕಟ್ಟಿಗೆ ಎಲುಬುಗಳ ಹಂದರಕ್ಕೆ ಸೀಲ್ ಎಂಬ ಕಡಲಮೃಗದ ಚರ್ಮವನ್ನು ಹೊದಿಸಿ ‘ಕಯಾಕ್’ ಎಂಬ ಒಬ್ಬಾಳಿನ ದೋಣಿಯನ್ನು ಮಾಡಿಕೊಂಡು ಬೇಟೆಯಾಡುತ್ತಿದ್ದರು. ಅದೇ ಇಂದು ಪ್ಲಾಸ್ಟಿಕ್ಕಿನ ರೂಪದಲ್ಲಿ ಲೋಕವೆಲ್ಲ ಹರಡಿ, ಆಳವಿಲ್ಲದ ಕರಾವಳಿಯ ನೀರಿನಲ್ಲಿ ಗಾಳ ಹಾಕುವವರ ವಿನೋದಕ್ಕೆ ಒದಗಿದೆ. ನೆರೆಯ ಹೊನ್ನಾವರದ ಶರಾವತಿಯಲ್ಲಿ ಪ್ರವಾಸಿಗಳು ಅದರಲ್ಲಿ ಕುಳಿತು ಹುಟ್ಟುಹಾಕುವುದುಂಟು. ನಮ್ಮ ಪಾತಿ ದೋಣಿ ಅದರ ದಾಯಾದಿಯೆನ್ನಬಹುದು. ದೇಶ ಬೇರೆ, ಮರ ಬೇರೆ. ಕೆಲಸ ಮಾತ್ರ ಒಂದೇ. ಮೊಣಕಾಲು ನೀರಿನಲ್ಲಿಯೂ ಸದ್ದಿಲ್ಲದೆ ಸರಿಯಬೇಕು, ನೆಲ ತಗಲಿದರೆ ಒಬ್ಬನೇ ಇಳಿದು ಎಳೆಯುವಷ್ಟು ಹಗುರವಾಗಿರಬೇಕು.

ನಸುಕಿನಲ್ಲಿ ದಡಕ್ಕೆ ಬಂದಾಗ ಕತ್ತಲು. ಆಗ್ನೇಯದಲ್ಲಿ ಗುಡ್ಡದ ಮೇಲೆ ವೃಶ್ಚಿಕದ ಕೆಂಪು ಜ್ಯೇಷ್ಠಾ ನಕ್ಷತ್ರ ಮೂಡಿದ್ದಿತು. ನೀರಿನ ಮೇಲೆ ಮಂಜು ಬಟ್ಟೆಯಂತೆ ಹಾಸಿತ್ತು. ದೋಣಿಯ ಮುಂಭಾಗದಲ್ಲಿ ತರುಣನ ಅಜ್ಜಿ ಆಗಲೇ ಕುಳಿತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಸೀರೆಯನ್ನು ಮೇಲೆತ್ತಿ ಬಿಗಿದು, ತಲೆಗೆ ಚೌಕ ಸುತ್ತಿ, ಅಗಲ ಕಣ್ಣಿನ ಬಿದಿರ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. “ಚಳಿ ತಾಗ್ತದೆ ಒಡೆಯಾ, ಶಾಲು ಹೊದ್ಕೊಳ್ಳಿ” ಎಂದು ನಮ್ಮನ್ನು ಎಚ್ಚರಿಸಿದವಳು ತಾನು ಬರಿಗಾಲನ್ನು ನೀರಿಗೆ ಇಳಿಬಿಟ್ಟಿದ್ದಳು.

ಇಳಿಯುವ ನೀರೇ ನಮ್ಮನ್ನು ಕೊಂಡೊಯ್ಯಿತು. ತರುಣನು ಹುಟ್ಟನ್ನು ಹಾಕಿದ್ದಕ್ಕಿಂತ ದಿಕ್ಕು ತಪ್ಪದಂತೆ ಹಿಡಿದಿದ್ದುದೇ ಹೆಚ್ಚು. ಬಲಬದಿಯಲ್ಲಿ ಒಂದು ಕಪ್ಪು ರೇಖೆ ಕಾಣಿಸಿತು. ದೋಣಿಯೆಂದುಕೊಂಡೆವು, ಹತ್ತಿರಹೋದಾಗ ಅದು ನೀರಿನಿಂದ ಬೆನ್ನು ತೋರುತ್ತಿದ್ದ ಮರಳದಿಣ್ಣೆ. ಅರ್ಧ ಗಂಟೆಯೊಳಗೆ ಅಂತಹ ಬೆನ್ನುಗಳು ಹತ್ತಾರು ಎದ್ದುವು. ಬೆಳಕು ಹರಿಯುವಷ್ಟರಲ್ಲಿ ಒಂದಕ್ಕೊಂದು ಸೇರಿ ಬಯಲಾದುವು. ನಿನ್ನೆ ಸಾಯಂಕಾಲ ದಡದಿಂದ ನೋಡುವಾಗ ಸರೋವರದಂತಿದ್ದ ಜಾಗದಲ್ಲಿ ಈಗ ಉಳುಮೆಗೆ ಕಾದ ಹೊಲ ಬಿದ್ದುಕೊಂಡಿದ್ದಿತು. ಅದರ ನಡುವೆ ಕಿರಿಗಾಲುವೆಗಳಲ್ಲಿ ಮಾತ್ರ ನೀರು. ಬೆಳ್ಳಕ್ಕಿಗಳೂ ಉಲ್ಲಂಕಿಗಳೂ ಎಲ್ಲಿಂದಲೋ ಬಂದು ಸಾಲಾಗಿ ಇಳಿದುವು. ಇವುಗಳಲ್ಲಿ ಎಷ್ಟೋ ಹಕ್ಕಿಗಳು ಹಿಮಾಲಯದಾಚೆಯ ಶೀತದೇಶಗಳಿಂದ ಚಳಿಗಾಲವನ್ನು ಕಳೆಯಲು ಬಂದ ಅತಿಥಿಗಳು.

ಉಬ್ಬರದಲ್ಲಿ ಮೇವನ್ನರಸಿ ದಿಣ್ಣೆಗಳ ಮೇಲೆ ಹರಡಿದ ಮೀನುಗಳು ಇಳಿತದಲ್ಲಿ ಈ ಕಾಲುವೆಗಳಿಗೆ ಸರಿಯುವುವು. ಚಿಕ್ಕ ದೋಣಿಯವನ ವಿದ್ಯೆಯೆಲ್ಲ ಈ ದಾರಿಯನ್ನು ಬಲ್ಲುದರಲ್ಲಿ ಇದೆ. ನಮ್ಮ ತರುಣನು ಕಾಲುವೆಯ ತಿರುವಿನಲ್ಲಿ ದೋಣಿಯನ್ನು ಅಡ್ಡಲಾಗಿ ನಿಲ್ಲಿಸಿ, ಬೀಸುಬಲೆಯ ಒಂದಂಚನ್ನು ಮೊಣಕೈಗೆ ಸಿಕ್ಕಿಸಿ, ಸೊಂಟವನ್ನು ತಿರುಗಿಸಿ ಒಮ್ಮೆ ಎಸೆದನು. ಬಲೆ ಗಾಳಿಯಲ್ಲಿ ಛತ್ರಿಯಂತೆ ಬಿಚ್ಚಿಕೊಂಡು ವೃತ್ತಾಕಾರವಾಗಿ ನೀರಿನ ಮೇಲೆ ಬಿದ್ದಿತು. ಮೊದಲ ಸಲ ಸಿಗಡಿಗಳು. ಎರಡನೆಯ ಸಲ ಬರಿದು. ಮೂರನೆಯ ಸಲ ನಾಲ್ಕೈದು ಕಾಣೆ ಮೀನುಗಳು. ಕಾಣೆಯು ಬಲೆಯ ಸುಳಿವು ಹತ್ತಿದೊಡನೆ ಮರಳಿನಲ್ಲಿ ಹುದುಗುವ ಜಾಣ ಮೀನು. ಅದಕ್ಕಾಗಿ ಅವನು ಬಲೆ ಬಿದ್ದ ಮೇಲೆ ಅವಸರಪಡದೆ, ನೀರಿಗಿಳಿದು ಬಲೆಯ ಸುತ್ತ ಮರಳನ್ನು ಕಾಲಿನಿಂದ ಮೆಲ್ಲನೆ ಕೆದಕುತ್ತಿದ್ದನು. ನಮ್ಮ ಮನೆಯ ಒಲೆಗೂ ಮೀನಿಗೂ ನಂಟಿಲ್ಲ. ಆದರೂ ಒಂದು ವಿದ್ಯೆಯಲ್ಲಿ ನುರಿತವನ ಕೈಯನ್ನು ನೋಡುವ ಸುಖಕ್ಕೆ ಆಹಾರದ ಕಟ್ಟಳೆ ಅಡ್ಡಬರಬೇಕಾಗಿಲ್ಲ.

ಅಜ್ಜಿಯ ಕೆಲಸ ದಿಣ್ಣೆಯ ಮೇಲೆ. ಅಘನಾಶಿನಿಯ ನಿಜವಾದ ಭಂಡಾರ ಮೀನಿಗಿಂತ ಹೆಚ್ಚಾಗಿ ಮರಳಿನೊಳಗೆ ಹುದುಗಿರುವ ಚಿಪ್ಪಿನ ಪ್ರಾಣಿಗಳು. ಇವನ್ನು ಇಲ್ಲಿ ಬಳಚು ಎನ್ನುವರು, ಕೊಂಕಣಿಗರು ತಿಸ್ರೆಯೆನ್ನುವರು. ಎರಡು ಚಿಪ್ಪುಗಳ ಸಂಪುಟದೊಳಗೆ ಕುಳಿತ ಈ ಪ್ರಾಣಿ ಎರಡು ಕಿರುನಳಿಗೆಗಳನ್ನು ಮರಳಿನ ಮೇಲಕ್ಕೆ ಚಾಚಿ, ಒಂದರಿಂದ ನೀರನ್ನು ಸೇದಿ, ಅದರಲ್ಲಿಯ ಸೂಕ್ಷ್ಮವಾದ ಆಹಾರವನ್ನು ಸೋಸಿಕೊಂಡು, ಇನ್ನೊಂದರಿಂದ ನೀರನ್ನು ಹೊರಗೆ ಬಿಡುವುದು. ಹೀಗೆ ಇದು ತಾನು ಉಣ್ಣುತ್ತಲೇ ಅಳಿವೆಯನ್ನು ತೊಳೆಯುವ ಜಾಡಮಾಲಿ. ಮಳೆಗಾಲ ಕಳೆದು ನೀರಿನಲ್ಲಿ ಉಪ್ಪು ಏರಿದಾಗ ಸಂತಾನೋತ್ಪತ್ತಿಯ ಕಾಲ. ಕಣ್ಣಿಗೆ ಕಾಣದಷ್ಟು ಕಿರಿದಾದ ಮರಿಗಳು ಕೆಲವು ದಿನ ನೀರಿನಲ್ಲಿ ತೇಲಾಡಿ, ಆ ಮೇಲೆ ತಕ್ಕ ಮರಳನ್ನು ಕಂಡು ತಳಕ್ಕಿಳಿದು ನೆಲೆಸುವುವು. ಹಿಡಿಯಲು ಯೋಗ್ಯವಾದ ಗಾತ್ರಕ್ಕೆ ಬೆಳೆಯಲು ಸುಮಾರು ಒಂದು ವರ್ಷ ಬೇಕು.

ನೀರಿಳಿದ ಮರಳಿನ ಮೇಲೆ ಸೂಜಿಯಿಂದ ಚುಚ್ಚಿದಂತೆ ಜೋಡಿ ರಂಧ್ರಗಳಿದ್ದರೆ ಅದರ ಕೆಳಗೆ ಬಳಚಿದೆಯೆಂದು ತಿಳಿಯಬೇಕು. ನಮಗೆ ಒಂದು ರಂಧ್ರವೂ ಕಾಣಲಿಲ್ಲ. ಮುದುಕಿಗೆ ಹೆಜ್ಜೆಗೊಂದು ಕಂಡಿತು. ಮೊಣಕಾಲಾಳದ ನೀರಿದ್ದಲ್ಲಿ ಅವಳು ಪಾದದಿಂದಲೇ ತಡವಿ ಹೇಳುತ್ತಿದ್ದಳು. ಏಳು ಗಂಟೆಯ ಹೊತ್ತಿಗೆ ಸುತ್ತಮುತ್ತಲಿನ ಊರುಗಳಿಂದ ನೂರಾರು ಜನ ಬಂದು ದಿಣ್ಣೆಯನ್ನು ತುಂಬಿದ್ದರು. ಅಂಬಿಗರು, ಹರಿಕಂತ್ರರು, ಹಾಲಕ್ಕಿ ಒಕ್ಕಲಿಗರು. ಅರ್ಧಕ್ಕಿಂತ ಹೆಚ್ಚು ಹೆಂಗಸರು. ಎದೆಮಟ್ಟದ ನೀರಿನಲ್ಲಿ ಗಂಡಸರು ದೋಣಿಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಮುಳುಗಿ ಮುಳುಗಿ ಎತ್ತುತ್ತಿದ್ದರು. ಯಾರಿಗೂ ಗುತ್ತಿಗೆಯ ಗೆರೆಯಿಲ್ಲ, ಯಾರ ಗದ್ದೆಯೂ ಅಲ್ಲ. ಎಲ್ಲರಿಗೂ ಇರುವ ಅವಕಾಶ ಎರಡು ಮೂರು ತಾಸು. ನೀರು ತಿರುಗಿತೆಂದರೆ ಹೊಲ ಮುಳುಗಿತು.

ಅಜ್ಜಿ ಬುಟ್ಟಿಯನ್ನು ತುಂಬಿಕೊಂಡು ಬಂದು, ಕಾಲುವೆಯ ನೀರಿನಲ್ಲಿ ಅದ್ದಿ ನಾಲ್ಕು ಸಲ ಕುಲುಕಿದಳು. ಅಗಲ ಕಣ್ಣುಗಳಿಂದ ಮರಳೂ ಕಿರಿಯ ಬಳಚುಗಳೂ ಕೆಳಗುದುರಿದುವು. ಉಳಿದವುಗಳಲ್ಲಿಯೂ ಕೆಲವನ್ನು ಹೆಬ್ಬೆರಳಿನ ಅಗಲಕ್ಕೆ ಹಿಡಿದು ನೋಡಿ ಹಿಂದಕ್ಕೆಸೆದಳು. ತರುಣನು ಅದನ್ನು ನೋಡಿ ಸುಮ್ಮನಿರಲಿಲ್ಲ.

“ಅಜ್ಜಿ, ದಡದಲ್ಲಿ ಕಾಯುವ ಸಾಹುಕಾರನಿಗೆ ಚಿಕ್ಕದು ದೊಡ್ಡದು ಎಂತದೂ ಇಲ್ಲ. ಅವ ತೂಕ ನೋಡಿ ದುಡ್ಡು ಕೊಡ್ತ. ನೀ ಬಿಟ್ಟದ್ದನ್ನ ನಾಳೆ ಆಚೆ ದೋಣಿಯವ ಒಯ್ತ.”

“ಒಯ್ಲಿ. ಬರುವ ವರ್ಷ ಅವ ಎಂತ ಒಯ್ತನಂತೆ, ಕೇಳು” ಎಂದಳು ಅಜ್ಜಿ.

ಈ ಎರಡು ಮಾತುಗಳನ್ನು ನಾವು ಬಹಳ ಹೊತ್ತು ಮನಸ್ಸಿನಲ್ಲಿ ತೂಗಿ ನೋಡಿದೆವು. ಹುಡುಗನನ್ನು ದುರಾಶೆಯವನೆನ್ನುವುದು ಸುಲಭ, ಆದರೆ ನ್ಯಾಯವಲ್ಲ. ಅವನಿಗೆ ಮನೆ ಕಟ್ಟಿಸಿದ ಸಾಲವಿದೆ; ಒಡಹುಟ್ಟಿದ ತಂಗಿ ಕುಮಟೆಯ ಕಾಲೇಜಿನಲ್ಲಿ ಓದುತ್ತಿರುವಳು; ಗೋವೆಯ ದೊಡ್ಡ ಬೋಟುಗಳಿಗೆ ಕೂಲಿಗೆ ಬಾ ಎಂದು ಗೆಳೆಯರು ಕರೆಯುತ್ತಿರುವರು. ತಾನೊಬ್ಬನೇ ನೇಮವನ್ನು ಪಾಲಿಸಿ ಮಿಕ್ಕವರೆಲ್ಲ ಬಾಚಿಕೊಂಡರೆ ತನ್ನ ನೇಮದಿಂದ ಹೊಳೆಗೆ ಲಾಭವಿಲ್ಲ, ತನಗೆ ನಷ್ಟ ಮಾತ್ರವೆಂಬ ಅವನ ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ಮುದುಕಿಯ ತರ್ಕವೂ ಅಷ್ಟೇ ಸರಿ. ಒಬ್ಬರ ಬುಟ್ಟಿಯಲ್ಲಿ ತೀರಿಸಲಾಗದ ವ್ಯಾಜ್ಯವಿದು.

ವ್ಯಾಜ್ಯದ ಬೆಲೆಯೇನು ಎಂಬುದಕ್ಕೆ ಲೆಕ್ಕವೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಒಂದು ಅಳಿವೆಯಿಂದಲೇ ವರ್ಷಕ್ಕೆ 22,000 ಟನ್ನುಗಳಷ್ಟು ಚಿಪ್ಪಿನ ಪ್ರಾಣಿಗಳು ದೊರೆಯುತ್ತಿದ್ದುವು. ಎರಡು ಸಾವಿರಕ್ಕಿಂತ ಹೆಚ್ಚು ಜನರು ನೇರವಾಗಿ ಇದರಿಂದ ಜೀವನ ಸಾಗಿಸುತ್ತಿದ್ದರು. ಅವರ ಕೈಗೆ ಬರುತ್ತಿದ್ದ ಹಣ ವರ್ಷಕ್ಕೆ ಐದೂ ಮುಕ್ಕಾಲು ಕೋಟಿ ರೂಪಾಯಿಗಳ ಸುಮಾರು. ಬಂಡವಾಳವೆಂದರೆ ಒಂದು ಬುಟ್ಟಿ, ಒಂದು ಪಾತಿ ದೋಣಿ, ಒಂದು ಜೊತೆ ಕಾಲು. ಬಿತ್ತುವ ಖರ್ಚಿಲ್ಲ, ಗೊಬ್ಬರವಿಲ್ಲ, ಕಂದಾಯವಿಲ್ಲ. ಇದರ ಜೊತೆಗೆ ಖಾಲಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವ ಕಸಬೂ ಹಿಂದಿನಿಂದ ನಡೆದು ಬಂದುದು. ಕರಾವಳಿಯ ಹಳೆಯ ಮನೆಗಳ ಗೋಡೆಗಳೂ ತಾಂಬೂಲದ ಡಬ್ಬಿಗಳೂ ಆ ಸುಣ್ಣದಿಂದ ಬೆಳ್ಳಗಾದುವು.

ಒಬ್ಬರಿಂದಾಗದ ಕೆಲಸ ಊರೊಟ್ಟಾದರೆ ಆಗುವುದೆಂಬುದಕ್ಕೆ ದೃಷ್ಟಾಂತವು ಕೇರಳದಲ್ಲಿದೆ. ಕೊಲ್ಲಂ ಪಟ್ಟಣದ ಬಳಿಯ ಅಷ್ಟಮುಡಿ ಕಾಯಲಿನಲ್ಲಿ ಇದೇ ಜಾತಿಯ ಚಿಪ್ಪಿನ ಪ್ರಾಣಿಗೆ ಹೊರದೇಶಗಳಿಂದ ಬೇಡಿಕೆ ಬಂದು, 1991ರಲ್ಲಿ ಹಿಡುವಳಿಯು 10,000 ಟನ್ನುಗಳ ವರೆಗೆ ಏರಿ, ಎರಡೇ ವರ್ಷಗಳಲ್ಲಿ ಅರ್ಧಕ್ಕೆ ಕುಸಿಯಿತು. ಆಗ ಅಲ್ಲಿಯ ಮೀನುಗಾರರೂ ಶಾಸ್ತ್ರಜ್ಞರೂ ಸರಕಾರವೂ ಒಟ್ಟುಗೂಡಿ, ಸಂತಾನೋತ್ಪತ್ತಿಯ ಕಾಲವಾದ ಡಿಸೆಂಬರದಿಂದ ಫೆಬ್ರುವರಿಯ ವರೆಗೆ ಹಿಡಿಯಲಾಗದೆಂದೂ, ಬಲೆಯ ಕಣ್ಣು ಇಷ್ಟು ಅಗಲವಿರಬೇಕೆಂದೂ, ತೀರ ಚಿಕ್ಕದನ್ನು ರಫ್ತುಮಾಡಕೂಡದೆಂದೂ ಕಟ್ಟಳೆ ಮಾಡಿಕೊಂಡರು. ಸಂಪತ್ತು ಮರಳಿ ಬಂದಿತು. 2014ರಲ್ಲಿ ಆ ಕಾಯಲಿನ ಮೀನುಗಾರಿಕೆಗೆ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪ್ರಮಾಣಪತ್ರವೂ ದೊರೆಯಿತು. ಭಾರತದಲ್ಲಿ ಆ ಪತ್ರವನ್ನು ಪಡೆದವರಲ್ಲಿ ಅವರೇ ಮೊದಲಿಗರು. ನಮ್ಮ ಅಜ್ಜಿಯ ಬುಟ್ಟಿಯ ಕಣ್ಣೇ ಅಲ್ಲಿ ಕಟ್ಟಳೆಯಾಯಿತೆಂದು ಹೇಳಿದರೆ ತಪ್ಪಾಗದು. ದೋಣಿಯಲ್ಲಿ ಕುಳಿತು ಈ ಕಥೆಯನ್ನು ಹೇಳಿದಾಗ ತರುಣನು ಹುಟ್ಟನ್ನು ನಿಲ್ಲಿಸಿ ಕೇಳಿದನು. “ಮೂರು ತಿಂಗಳು ಮುಚ್ಚಿದ್ರೆ ಆ ಮೂರು ತಿಂಗಳು ಉಣ್ಣುದು ಎಂತದು ಮಾಸ್ತರ್ರೇ?” ಎಂದನು. ಇದಕ್ಕೆ ಉತ್ತರವನ್ನು ಒಳಗೊಳ್ಳದ ಕಟ್ಟಳೆ ಕಾಗದದಲ್ಲಿಯೇ ಉಳಿಯುವುದೆಂಬುದನ್ನು ಕಟ್ಟಳೆ ಮಾಡುವವರು ಮರೆಯಬಾರದು.

ಅಳಿವೆಯ ಅನ್ನ ಬಳಚಿನಿಂದಲೇ ಮುಗಿಯುವುದಿಲ್ಲ. ದಡದುದ್ದಕ್ಕೂ ಗಜನಿಗಳೆಂಬ ತಗ್ಗುಗದ್ದೆಗಳಿರುವುವು. ಮಳೆಗಾಲದಲ್ಲಿ ನೆಲದ ಉಪ್ಪು ತೊಳೆದುಹೋದಾಗ ಇಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುವರು. ಇದು ಉಪ್ಪನ್ನು ಸಹಿಸುವ, ನೆರೆಯಲ್ಲಿ ಮುಳುಗಿದರೂ ಕೊಳೆಯದ ಎತ್ತರದ ತಳಿ. ಗೊಬ್ಬರ ಔಷಧಿಗಳನ್ನು ಬೇಡದು. ಮಾಣಿಕಟ್ಟೆಯ ರೈತರು ಇದನ್ನು ಇಂದಿಗೂ ಬಿಡದೆ ಉಳಿಸಿಕೊಂಡು ಬಂದಿರುವರು. ಕೊಯ್ಲಾದ ಮೇಲೆ ತೂಬಿನ ಬಾಗಿಲನ್ನು ತೆರೆದು ಉಬ್ಬರದ ನೀರನ್ನು ಒಳಕ್ಕೆ ಬಿಟ್ಟರೆ ಅದೇ ಗದ್ದೆ ಸಿಗಡಿ ಮೀನುಗಳ ಕೆರೆಯಾಗುವುದು. ಉತ್ತರದ ದಡದಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳು. ನೀರನ್ನು ಬಿಸಿಲಿಗೆ ಬಿಟ್ಟು ಉಪ್ಪು ಮಾಡುವ ಕೆಲಸ ಚಳಿಗಾಲ ಮುಗಿಯುವ ಹೊತ್ತಿಗೆ ಭರದಿಂದ ಸಾಗುವುದು. ಅಕ್ಕಿ, ಮೀನು, ಉಪ್ಪು: ಒಂದೇ ನೀರು, ಬಿಡುವ ವೇಳೆ ತಡೆಯುವ ವೇಳೆಗಳನ್ನು ಬಲ್ಲವರಿಗೆ, ಮೂರನ್ನೂ ಕೊಡುತ್ತಿರುವುದು.

ಈ ಶತಮಾನದ ಮೊದಲ ದಶಕದಲ್ಲಿ ತದಡಿಯ ಬಳಿ 4,000 ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರವನ್ನು ಕಟ್ಟುವ ಪ್ರಸ್ತಾಪ ಬಂದಾಗ ಇಲ್ಲಿಯ ಜನರು ಒಕ್ಕೊರಲಿನಿಂದ ವಿರೋಧಿಸಿದರು, ಅದು ಕಟ್ಟಲ್ಪಡಲಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆಯ 4,801 ಹೆಕ್ಟೇರು ಪ್ರದೇಶವು ‘ರಾಮ್‌ಸಾರ್’ ತಾಣವೆಂದು ಘೋಷಿತವಾಯಿತು. ಇರಾಣದ ರಾಮ್‌ಸಾರ್ ಪಟ್ಟಣದಲ್ಲಿ 1971ರಲ್ಲಿ ನಾನಾ ದೇಶಗಳು ಕೂಡಿ ಜೌಗುನೆಲಗಳ ರಕ್ಷಣೆಗಾಗಿ ಮಾಡಿಕೊಂಡ ಒಪ್ಪಂದದಿಂದ ಬಂದ ಹೆಸರಿದು. ಹೆಸರು ಬಂದುದು ಗೌರವವೇ ಸರಿ. ಆದರೆ ಮರಳಿನೊಳಗಿನ ಮರಿಗಳು ಬೆಳೆಯುವುದೂ ಬೆಳೆಯದಿರುವುದೂ ದಿಣ್ಣೆಗೆ ಇಳಿಯುವ ಆ ನೂರಾರು ಜೋಡಿ ಕೈಗಳನ್ನೂ, ದಡದಲ್ಲಿ ತಕ್ಕಡಿ ಹಿಡಿದು ನಿಂತವನ ಕೈಯನ್ನೂ ಅವಲಂಬಿಸಿದೆ.

ಒಂಬತ್ತು ಗಂಟೆಯ ಸುಮಾರಿಗೆ ಪಡುವಣದಿಂದ ಸಣ್ಣ ಸೆಲೆಯೊಂದು ಕಾಲುವೆಯಲ್ಲಿ ಹಿಂದುಹಿಂದಾಗಿ ಹರಿಯತೊಡಗಿತು. ಯಾರೂ ಕೂಗಲಿಲ್ಲ, ಗಂಟೆ ಬಾರಿಸಲಿಲ್ಲ. ದಿಣ್ಣೆಯ ತುಂಬ ಬಾಗಿದ್ದ ಬೆನ್ನುಗಳೆಲ್ಲ ನೆಟ್ಟಗಾದುವು. ಬುಟ್ಟಿ ಅರ್ಧವಾಗಿದ್ದವರೂ ಅರ್ಧ ಬುಟ್ಟಿಯೊಡನೆ ದೋಣಿಯನ್ನು ಹತ್ತಿದರು. ಇನ್ನು ಹತ್ತು ನಿಮಿಷವೆಂದು ನಿಂತರೆ ಕಾಲುವೆ ತುಂಬಿ ದಿಣ್ಣೆಯೇ ದ್ವೀಪವಾಗುವುದು; ಈಜಲಾರದ ಹೆಂಗಸರಿಗೆ ಅದರಿಂದ ಪ್ರಾಣಭಯ. ಬುಟ್ಟಿಯ ವಿಷಯದಲ್ಲಿ ಅಜ್ಜಿಯೊಡನೆ ವಾದಿಸಿದ್ದ ತರುಣನು ಈ ವಿಷಯದಲ್ಲಿ ಅವಳಿಗಿಂತ ಮೊದಲೇ ದೋಣಿಯನ್ನು ತಿರುಗಿಸಿ ನಿಲ್ಲಿಸಿದ್ದನು. ನೀರು ಹಾಕಿದ ಎಲ್ಲೆಗೆ ಎಲ್ಲರೂ ತಲೆಬಾಗುವರು. ಜನರು ತಾವೇ ಹಾಕಿಕೊಳ್ಳಬೇಕಾದ ಎಲ್ಲೆಯಲ್ಲಿ ಮಾತ್ರ ತಕರಾರು. ಮೊದಲನೆಯದು ಮೀರಿದವನನ್ನು ಅಂದೇ ದಂಡಿಸುವುದು. ಎರಡನೆಯದು ಅವನ ಮಕ್ಕಳನ್ನು ದಂಡಿಸುವುದು.

ಈ ಪ್ರದೇಶವನ್ನು ನೋಡಬಯಸುವ ವಾಚಕರು ನವೆಂಬರದಿಂದ ಫೆಬ್ರುವರಿಯೊಳಗೆ, ಅಮಾವಾಸ್ಯೆ ಇಲ್ಲವೆ ಹುಣ್ಣಿಮೆ ಕಳೆದ ಎರಡು ಮೂರನೆಯ ದಿನಕ್ಕೆ ಸರಿಯಾಗಿ ಹೊರಡುವುದು ಲೇಸು. ಕುಮಟೆ, ಮಿರ್ಜಾನ, ಗೋಕರ್ಣ ರಸ್ತೆ ಈ ಮೂರು ಕಡೆಗಳಲ್ಲಿಯೂ ರೈಲು ನಿಲ್ದಾಣಗಳಿರುವುವು. ಅಘನಾಶಿನಿಯ ಊರಿನಿಂದ ತದಡಿಗೆ ದೋಣಿಯಲ್ಲಿ ದಾಟಿ ಗೋಕರ್ಣಕ್ಕೆ ಹೋಗಬಹುದು. ಸಮಯವಿದ್ದವರು ಮಿರ್ಜಾನದ ಕೋಟೆಯನ್ನೂ ನೋಡಬಹುದು. ನಸುಕಿನ ಚಳಿಗೆ ಶಾಲು ಬೇಕು. ಪಾದರಕ್ಷೆಗಳನ್ನು ದಡದಲ್ಲಿಯೇ ಬಿಡಬೇಕು, ಆದರೆ ಚಿಪ್ಪಿನ ಅಂಚು ಚಾಕುವಿನಂತಿರುವುದರಿಂದ ಅಂಬಿಗನು ಇಟ್ಟ ಹೆಜ್ಜೆಯಲ್ಲಿಯೇ ಹೆಜ್ಜೆಯನ್ನಿಡಬೇಕು. ಜೀವವಿರುವ ಚಿಪ್ಪನ್ನು ಆಟಕ್ಕೆಂದು ಮಕ್ಕಳು ಎತ್ತಿದರೆ ಎತ್ತಿದ ಜಾಗದಲ್ಲಿಯೇ ಇಡಿಸಬೇಕು. ಕೊಳ್ಳುವ ರೂಢಿಯಿರುವ ಮನೆಯವರು ಪೇಟೆಯಲ್ಲಿ ಬಳಚನ್ನು ಕೊಳ್ಳುವಾಗ ದೊಡ್ಡದನ್ನೇ ಆರಿಸಿ ಕೇಳಲಿ. ಚಿಕ್ಕದಕ್ಕೆ ಗಿರಾಕಿಯಿಲ್ಲವೆಂದರೆ ತಕ್ಕಡಿಯೂ ಬೇಗನೆ ಪಾಠ ಕಲಿಯುವುದು. ಇನ್ನು ಹೊರಡುವ ಗಳಿಗೆಯನ್ನು ನಿಶ್ಚಯಿಸುವ ಭಾರವನ್ನು ಕೈಗಡಿಯಾರಕ್ಕೆ ಕೊಡದೆ ದೋಣಿಯವನಿಗೇ ಬಿಡುವುದು ಒಳ್ಳೆಯದು. ಅವನು ಏಳೆಂದಾಗ ಏಳಬೇಕು, ಸಾಕೆಂದಾಗ ತಿರುಗಬೇಕು.